ನಾನು ಮಾಡಿದ ತಪ್ಪಿಗಷ್ಟೇ ಸಹಿ

ಎರಡನೆಯ ವಾರ್ನಿಂಗ್ ಕಾಗದ ನನ್ನ ಕೈಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ. ಮೊದಲನೆಯದು ಬಂದು ಹನ್ನೊಂದು ದಿನವಾಗಿತ್ತು. ಮೂರನೆಯದು ಬಂದರೆ ಕೆಲಸ ಹೋಗುತ್ತದೆ ಎನ್ನುವುದು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನ ಆ ಆಫೀಸಿನ ನಿಯಮ. ಸೇರಿದ ದಿನವೇ ಅದನ್ನು ಓದಿಸಿ ಸಹಿ ಹಾಕಿಸಿಕೊಂಡಿದ್ದರು. ಎರಡೂ ಕಾಗದಗಳಲ್ಲಿ ಒಂದೇ ವಾಕ್ಯವಿತ್ತು. ನಾನು ಒಂದೇ ಸಲ ಹಲವು ವಿಂಡೋಗಳನ್ನು ತೆರೆದಿಡುತ್ತೇನೆ, ಆಗಾಗ ಸೇವ್ ಮಾಡುವುದಿಲ್ಲ, ಇದರಿಂದಾಗಿ ಎಡಿಟರ್ ಪ್ರೋಗ್ರಾಂ ನಿಂತುಹೋಗಿ ಕೆಲಸ ತಡವಾಗಿದೆ ಎಂದು.

ಇದರಲ್ಲಿ ಪರೀಕ್ಷಿಸಿ ನೋಡಬಹುದಾದ ಆರೋಪಗಳು ಮೂರು. ಮೊದಲೆರಡು ಸುಳ್ಳು. ಮೂರನೆಯದರ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ.

ಎರಡಕ್ಕೂ ಸಹಿ ಹಾಕಿದ್ದೆ. ಸಹಿ ಎಂದರೆ ಒಪ್ಪಿಗೆ ಅಲ್ಲ, ಕಾಗದ ತಲುಪಿದೆ ಎನ್ನುವುದಕ್ಕಷ್ಟೇ ಎಂದು ನಮ್ಮ ಮೇಲ್ವಿಚಾರಕಿ ಹೇಳಿದ್ದರು. ಹಾಗೆಂದು ಕಾಗದದ ಮೇಲೆ ಬರೆದಿರಲಿಲ್ಲ. ಬರೆಯದೇ ಇರುವ ಭರವಸೆಯನ್ನು ನಂಬಬಾರದು ಎಂದು ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಎಂಟು ವರ್ಷ ಕೂತು ಕಲಿತಿದ್ದೆ. ಆದರೂ ಸಹಿ ಹಾಕಿದೆ. ಹೆದರಿದ್ದೆ. ಗಂಡ ನಾರ್ತ್‌ರಿಜ್‌ನಲ್ಲಿ ಕೆಲಸ ಬಿಟ್ಟು ಅಲ್ಲೇ ಮತ್ತೆ ಯೂನಿವರ್ಸಿಟಿ ಸೇರಿದ್ದರು, ನಮ್ಮ ಮನೆಯೂ ಅಲ್ಲೇ ಇತ್ತು. ನಮ್ಮಿಬ್ಬರ ಹೆಲ್ತ್ ಇನ್ಶೂರೆನ್ಸ್ ನನ್ನ ಕೆಲಸದಿಂದ ಬರುತ್ತಿತ್ತು. ಇದು ೨೦೦೪ರ ಮಾತು. ನಾವು ಲಾಸ್ ಏಂಜಲೀಸಿಗೆ ಬಂದು ಮೂರು ವರ್ಷವಾಗಿತ್ತು.

ಆಫೀಸು ಒಂದು ಕಾರ್ ವಾಷ್‌ಗೂ ಸಿನಿಮಾದವರಿಗೆ ಉಡುಪು ಬಾಡಿಗೆಗೆ ಕೊಡುವ ಗೋದಾಮಿಗೂ ನಡುವೆ ಇತ್ತು. ಒಟ್ಟು ಹದಿನಾಲ್ಕು ಜನ. ಟಿವಿ ಕಾರ್ಯಕ್ರಮ, ಸಂದರ್ಶನ, ಭಾಷಣ ಹೀಗೆ ಯಾವುದೇ ಧ್ವನಿಮುದ್ರಣ ಬಂದರೂ ಟೈಪಿಸ್ಟರು ಅದನ್ನು ಕೇಳಿ ಟೈಪ್ ಮಾಡುತ್ತಿದ್ದರು. ಅದನ್ನು ತಿದ್ದಿ, ಯಾವ ಮಾತು ಯಾರದು ಎಂದು ಖಚಿತ ಮಾಡಿ ಕಳಿಸುವುದು ನಮ್ಮ ಆರು ಜನರ ಕೆಲಸ. ತಿದ್ದಲು ಒಂದು ಪ್ರೋಗ್ರಾಂ ಇತ್ತು. ಅದನ್ನು ಎಡಿಟರ್ ಎನ್ನುತ್ತಿದ್ದರು. ನನಗೆ ಎಡಿಟರ್ ಎಂದರೆ ಕನ್ನಡಕದ ಮೇಲಿಂದ ನೋಡುವ ಒಬ್ಬ ಮನುಷ್ಯ. ಪ್ರೋಗ್ರಾಮನ್ನು ಹಾಗೆ ಕರೆಯಲು ಅಭ್ಯಾಸವಾಗುವುದಕ್ಕೆ ತಿಂಗಳುಗಳೇ ಹಿಡಿದವು.

ಈ ಎಡಿಟರ್‌ನಲ್ಲಿ ಒಂದು ಅನುಕೂಲವಿತ್ತು. ಇಂಥ ಪದವನ್ನೇ ಹುಡುಕು ಎನ್ನುವ ಬದಲು ಇಂಥ ಆಕಾರದ್ದನ್ನು ಹುಡುಕು ಎಂದು ಹೇಳಬಹುದಿತ್ತು. ತಂತ್ರಜ್ಞರು ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎನ್ನುತ್ತಾರೆ, ನಾವು ಪ್ಯಾಟರ್ನ್ ಎನ್ನುತ್ತಿದ್ದೆವು. ಮಾತಾಡಿದವರ ಹೆಸರನ್ನು ಸಾಲಿನ ಶುರುವಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹಾಕಿ ಮುಂದೆ ಒಂದರ ಮೇಲೊಂದು ಎರಡು ಚುಕ್ಕಿ, ಅಂದರೆ ಕೋಲನ್, ಇಡುವುದು ಕ್ರಮ. ಹಾಗಾಗಿ ನಮ್ಮ ಪ್ಯಾಟರ್ನ್ ಹೀಗಿತ್ತು: ದೊಡ್ಡಕ್ಷರಗಳ ಒಂದು ಪದ, ಒಂದು ಖಾಲಿ ಜಾಗ, ದೊಡ್ಡಕ್ಷರಗಳ ಇನ್ನೊಂದು ಪದ, ಆಮೇಲೆ ಎರಡು ಚುಕ್ಕಿ. ಅಂದರೆ ಮೊದಲ ಹೆಸರು, ಕೊನೆಯ ಹೆಸರು. ಅಲ್ಲಿ ಎಲ್ಲರ ಹೆಸರೂ ಹಾಗೆಯೇ ಇರುತ್ತದೆ ಎಂದು ಯಾರೋ ತೀರ್ಮಾನಿಸಿ ಬರೆದದ್ದು. ಆ ಆಕಾರ ಹೊಂದದ ಹೆಸರು ಬಂದರೆ ಪ್ರೋಗ್ರಾಂ ಅದನ್ನು ಹೆಸರೆಂದು ಗುರುತಿಸುತ್ತಲೇ ಇರಲಿಲ್ಲ. ಆ ಮಾತನ್ನು ಹಿಂದೆ ಮಾತಾಡಿದವರ ಪ್ಯಾರಾಕ್ಕೆ ಸೇರಿಸುತ್ತಿತ್ತು. ಮುಂದಿನ ಹಂತದಲ್ಲಿ ಹೆಸರೂ ಉದುರಿಹೋಗುತ್ತಿತ್ತು.

ಇದು ಗೊತ್ತಾದದ್ದು ಮೊದಲ ಕಾಗದಕ್ಕೆ ಸುಮಾರು ಎರಡು ತಿಂಗಳ ಮೊದಲು, ಸ್ಯಾನ್ ಡಿಯಾಗೋದಿಂದ ಬಂದ ಒಂದು ಫೋನಿನಿಂದ. ಅಲ್ಲಿಯ ಒಂದು ಲೈಬ್ರರಿಯವರು ಬಹಳ ಹಿಂದೆ ಬೇರೆ ದೇಶಗಳಿಂದ ಬಂದು ನೆಲೆಸಿದ ಹಿರಿಯರ ನೆನಪುಗಳನ್ನು ರೆಕಾರ್ಡ್ ಮಾಡಿಸಿದ್ದರು. ಅವುಗಳ ಬರಹರೂಪ ನಮ್ಮಲ್ಲಿ ತಯಾರಾಗಿ, ಮಾತಾಡಿದವರ ಒಪ್ಪಿಗೆಗೆ ಹೋಗುತ್ತಿತ್ತು. ಫೋನ್ ಮಾಡಿದವರು ಮೈಸೂರಿನ ಕಡೆಯ ಒಬ್ಬ ನಿವೃತ್ತ ಸರ್ಜನ್. ಮುಖಪುಟದಲ್ಲಿ ನನ್ನ ಹೆಸರು ನೋಡಿ ನೇರ ಕನ್ನಡದಲ್ಲೇ ಶುರುಮಾಡಿದರು.

"ಏನಮ್ಮ, ನನ್ನ ಮಾತೆಲ್ಲ ಇನ್ನೊಬ್ಬರ ಬಾಯಿಗೆ ಹಾಕಿದ್ದೀಯಲ್ಲ?"

ಆ ಶನಿವಾರ ಗಂಡನೂ ನಾನೂ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದೆವು. ಆಫೀಸಿನಿಂದ ಯಾರೂ ಕಳಿಸಿರಲಿಲ್ಲ. ತಪ್ಪು ಕಂಡವರನ್ನು ಎದುರಿಗೆ ಕೂರಿಸಿಕೊಂಡು ಕೇಳುವುದು ಡೆಸ್ಕಿನ ದಿನಗಳಿಂದ ಬಂದ ಅಭ್ಯಾಸ. ಸರ್ಜನ್ ತಮ್ಮ ಮಗಳ ಕುಟುಂಬದ ಜೊತೆ ಇದ್ದರು. ಮೊಮ್ಮಗಳು ಅವರ ಕನ್ನಡದ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ನಮಗೆ ಕಾಫಿ ತಂದಿಟ್ಟಳು. ಡೈನಿಂಗ್ ಟೇಬಲ್ ಮೇಲೆ ಕಾಗದಗಳನ್ನು ಹರಡಿಕೊಂಡು ಅವರು ಇಪ್ಪತ್ತೊಂದನೇ ಪುಟ ತೆಗೆದರು.

"ಇಲ್ಲಿ ನೋಡು. ಅವಳು ತೀರಿಕೊಂಡ ದಿನ ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ, ಅಂತ ಇದೆ. ಯಾರು ಹೇಳಿದ್ದು?"

ಆ ಮಾತು ಸಂದರ್ಶನ ಮಾಡಿದ ಕಾಲೇಜು ಹುಡುಗಿಯ ಪ್ಯಾರಾದಲ್ಲಿತ್ತು.

"ಇಪ್ಪತ್ತೆರಡು ವರ್ಷದ ಹುಡುಗಿ ಅದು. ನನ್ನ ಹೆಂಡತಿಯನ್ನ ಅವಳ ಬಾಯಲ್ಲಿ ಸಾಯಿಸಿದ್ದೀರಿ."

"ನಿಮ್ಮ ಹೆಸರಿನ ಮುಂದೆ ಮೂರು ಇನಿಷಿಯಲ್ ಇದೆ ಅಂಕಲ್. ಕಂಪ್ಯೂಟರಿಗೆ ಅದು ಹೆಸರು ಅಂತ ಗೊತ್ತಾಗಿಲ್ಲ."

"ನಲವತ್ತು ವರ್ಷದಿಂದ ಈ ದೇಶದಲ್ಲಿ ಅದೇ ಕಥೆ. ಊರಿಂದು ಒಂದು, ತಾತಂದು ಒಂದು, ಅಪ್ಪಂದು ಒಂದು. ಒಂದೊಂದು ಫಾರ್ಮಿನಲ್ಲೂ ಒಂದೊಂದನ್ನ ಕತ್ತರಿಸ್ತಾರೆ. ಸರ್ಜನ್ ನಾನು, ಕತ್ತರಿ ಅವರ ಕೈಲಿ!"

ನಕ್ಕರು. ನಾವೂ ನಕ್ಕೆವು. ಆದರೆ ಪುಟ ಇಪ್ಪತ್ತೊಂದರ ಮೇಲೆ ಇಟ್ಟ ಬೆರಳನ್ನು ಅವರು ತೆಗೆಯಲಿಲ್ಲ.

ಸೋಮವಾರ ನಾನು ಪ್ಯಾಟರ್ನ್ ಬದಲಿಸಿದೆ. ಆರೂ ಜನ ಬಳಸುವ ಪ್ಯಾಟರ್ನ್‌ಗಳು ಒಂದೇ ಫೈಲಿನಲ್ಲಿದ್ದವು. ಯಾರು ಬೇಕಾದರೂ ತೆರೆಯಬಹುದಿತ್ತು. ತೆರೆಯಬೇಡಿ ಎಂದು ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ನಮ್ಮ ಕಡೆಯವರು ಇನಿಷಿಯಲ್ ಬರೆಯುವ ರೀತಿ ಹತ್ತಾರು. ಕೆಲವರು ಚುಕ್ಕಿ ಇಡುತ್ತಾರೆ, ಕೆಲವರು ಇಡುವುದಿಲ್ಲ. ಕೆಲವರು ಜಾಗ ಬಿಡುತ್ತಾರೆ, ಕೆಲವರು ಎರಡು ಮೂರು ಅಕ್ಷರಗಳನ್ನು ಒಟ್ಟಿಗೆ ಅಂಟಿಸಿ ಬರೆಯುತ್ತಾರೆ. ಎಲ್ಲರಿಗೂ ಹೊಂದಬೇಕೆಂದು ನಾನು ಹೀಗೆ ಬರೆದೆ: ದೊಡ್ಡಕ್ಷರಗಳ ಒಂದು ಗುಂಪು, ಆಮೇಲೆ ಇದ್ದರೆ ಒಂದು ಚುಕ್ಕಿ, ಇದ್ದರೆ ಒಂದು ಜಾಗ. ಇದೆಲ್ಲ ಎಷ್ಟು ಸಲ ಬೇಕಾದರೂ ಮರುಕಳಿಸಲಿ. ಕೊನೆಗೆ ಎರಡು ಚುಕ್ಕಿ. ಪ್ಯಾಟರ್ನ್ ಭಾಷೆಯಲ್ಲಿ "ಒಂದು ಅಥವಾ ಹೆಚ್ಚು" ಎನ್ನುವುದಕ್ಕೆ ಪ್ಲಸ್ ಚಿಹ್ನೆ. ನಾನು ಎರಡು ಪ್ಲಸ್ ಹಾಕಿದೆ. ಗುಂಪಿನ ಒಳಗೆ ಒಂದು, ಹೊರಗೆ ಒಂದು.

ಸರ್ಜನ್ ಅವರ ಮಾತುಗಳೆಲ್ಲ ಅವರ ಹೆಸರಿನ ಕೆಳಗೆ ಬಂದು ಕೂತವು. ಆರು ವಾರ ಎಲ್ಲವೂ ಸರಿಯಾಗಿತ್ತು.

ಏಳನೆಯ ವಾರ, ಒಂದು ಬೆಳಿಗ್ಗೆ, ನನ್ನ ಪರದೆ ಬೆಳ್ಳಗಾಯಿತು. ಮರಳುಗಡಿಯಾರದ ಚಿತ್ರ ಬಂದು ನಿಂತಿತು. ಮೌಸ್ ಅಲುಗಾಡಿಸಿದೆ, ಕೀಲಿ ಒತ್ತಿದೆ, ಏನೂ ಆಗಲಿಲ್ಲ. ಮೂರು ನಿಮಿಷ ಕಾದು ಪ್ರೋಗ್ರಾಮನ್ನೇ ಮುಚ್ಚಿಸಿದೆ. ಫೈಲ್ ಕೆಟ್ಟಿತ್ತು, ಮತ್ತೆ ತಿದ್ದಬೇಕಾಯಿತು. ಅವತ್ತು ಸಂಜೆ ನಾಲ್ಕಕ್ಕೆ ಕೊಡಬೇಕಾದದ್ದು ಆರಕ್ಕೆ ಹೋಯಿತು. ಮೊದಲ ಕಾಗದ ಬಂತು. ಹನ್ನೊಂದು ದಿನದ ಮೇಲೆ ಹಾಗೆಯೇ ಇನ್ನೊಮ್ಮೆ.

ಮೇಲ್ವಿಚಾರಕಿ ಕೆಟ್ಟವರಲ್ಲ. ಇಲ್ಲಿಗೆ ಬರುವ ಮೊದಲು ದೀರ್ಘಕಾಲ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ಕಂಪ್ಯೂಟರ್ ಬಗ್ಗೆ ಅವರದು ಒಂದೇ ಸಿದ್ಧಾಂತ: ಭಾರ ಹೆಚ್ಚಾದರೆ ಕುಸಿಯುತ್ತದೆ. ಕುಸಿದಿದ್ದರೆ ಯಾರೋ ಭಾರ ಹೇರಿದ್ದಾರೆ. ಎರಡು ಸಲವೂ ನನ್ನ ಮೇಜಿನಲ್ಲೇ ಕುಸಿದಿತ್ತು.

ಎರಡನೆಯ ಕಾಗದ ಬಂದ ಸಂಜೆ ನಾನು ನಾರ್ತ್‌ರಿಜ್‌ಗೆ ವಾಪಸ್ ಹೋಗಿದ್ದು ಎಂದಿನಂತೆ ಕಾರ್‌ಪೂಲ್ ಗೆಳತಿಯ ಜೊತೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವಳು, ನನಗಿಂತ ಆರು ವರ್ಷ ಚಿಕ್ಕವಳು, ಬರ್ಬ್ಯಾಂಕಿನಲ್ಲೇ ಒಂದು ಸ್ಟುಡಿಯೋದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ, ಮುಂದಿನ ಕಾರಿನವನ ಜೊತೆ ಹಾರ್ನ್.

"ಏನಕ್ಕಾ, ಮುಖ ಯಾಕೆ ಹಂಗಿದೆ? ಎರಡನೇದೂ ಕೊಟ್ಬಿಟ್ರಾ?"

"ಕೊಟ್ಟರು."

"ಇನ್ನೊಂದು ಬಂದ್ರೆ ಹ್ಯಾಟ್ರಿಕ್ ಬಿಡಿ."

"ನಗಬೇಡ. ನಾನು ವಿಂಡೋ ತೆರೆದಿಟ್ಟಿದ್ದು ಒಂದೇ. ಸೇವ್ ಮಾಡಿ ಎರಡು ನಿಮಿಷ ಆಗಿತ್ತು."

"ಅದನ್ನ ಬರೆದಿಟ್ಟಿದ್ದೀರಾ?"

ಬರೆದಿಟ್ಟಿರಲಿಲ್ಲ. ಎಂಟು ವರ್ಷ ಬೇರೆಯವರ ವರದಿಗೆ ಸಮಯ ಎಲ್ಲಿ, ಮೂಲ ಎಲ್ಲಿ ಎಂದು ಪೀಡಿಸಿದವಳು ನನ್ನದೇ ವಿಷಯದಲ್ಲಿ ಒಂದು ಸಾಲು ಬರೆದಿಟ್ಟುಕೊಂಡಿರಲಿಲ್ಲ. ಮಾರನೆಯ ದಿನದಿಂದ ಶುರುಮಾಡಿದೆ. ಚಿಕ್ಕ ನೋಟ್‌ಬುಕ್ಕಿನಲ್ಲಿ ಸಮಯ, ಫೈಲು, ಅದರ ಪುಟಗಳು, ತೆರೆದಿದ್ದ ವಿಂಡೋಗಳು, ಕೊನೆಯ ಸಲ ಸೇವ್ ಮಾಡಿದ ನಿಮಿಷ, ಆಗ ಓಡುತ್ತಿದ್ದ ಪ್ಯಾಟರ್ನ್. ಪ್ರತಿ ಫೈಲಿಗೂ ಬರೆದೆ, ನಿಂತುಹೋದದ್ದಕ್ಕೆ ಮಾತ್ರವಲ್ಲ. ಎಲ್ಲವೂ ಸರಿಯಾಗಿ ನಡೆದ ದಿನದ ದಾಖಲೆ ಇಲ್ಲದಿದ್ದರೆ ಕೆಟ್ಟ ದಿನದ ದಾಖಲೆಯನ್ನು ಯಾವುದರ ಜೊತೆ ಹೋಲಿಸುವುದು?

ಎರಡು ವಾರದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನೂರ ನಲವತ್ತು ಪುಟದ ಫೈಲು ಎರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಒಂದು ಬುಧವಾರ, ಒಂಬತ್ತು ಪುಟದ ಫೈಲು ಎಡಿಟರನ್ನು ಮೂರನೆಯ ಸಲ ನಿಲ್ಲಿಸಿತು. ತೆರೆದಿದ್ದದ್ದು ಒಂದೇ ವಿಂಡೋ, ಸೇವ್ ಮಾಡಿ ಒಂದು ನಿಮಿಷ. ಭಾರದ ಸಿದ್ಧಾಂತ ಅಲ್ಲಿಗೆ ಬಿತ್ತು. ಆದರೆ ಆ ಕೆಲಸವೂ ತಡವಾಗಿ ಹೋಯಿತು. ಮೂರನೆಯ ಕಾಗದ ಬರುವುದು ಖಚಿತವಾಯಿತು.

"ದೊಡ್ಡದು ಚಿಕ್ಕದು ಅಂತ ನೋಡ್ಬೇಡಿ," ಎಂದಳು ಗೆಳತಿ ಅವತ್ತು ಕಾರಿನಲ್ಲಿ. "ಆ ಫೈಲ್‌ನ ಕಾಪಿ ತಗೊಂಡು ಅರ್ಧ ಮಾಡಿ. ಯಾವ ಅರ್ಧ ಹ್ಯಾಂಗ್ ಆಗುತ್ತೋ ಅದನ್ನ ಮತ್ತೆ ಅರ್ಧ ಮಾಡಿ. ಹಂಗೇ ಹೋಗ್ತಾ ಇರಿ, ಕಳ್ಳ ಸಿಕ್ಕೇ ಸಿಗ್ತಾನೆ."

ಗುರುವಾರ ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಕೂತೆ. ಅಡುಗೆಮನೆಯಿಂದ ತಂದಿದ್ದ ಟೈಮರ್ ಎದುರಿಗಿಟ್ಟುಕೊಂಡೆ. ಅರ್ಧ, ಅರ್ಧದ ಅರ್ಧ. ಎಂಟನೆಯ ಸಲ ಕತ್ತರಿಸಿದಾಗ ಒಂದೇ ಒಂದು ಸಾಲು ಉಳಿಯಿತು. ಅದು ಯಾರ ಮಾತೂ ಅಲ್ಲ. ಹಿನ್ನೆಲೆಯಲ್ಲಿ ಅಸ್ಪಷ್ಟ ಮಾತುಕತೆ ಕೇಳುತ್ತಿದೆ ಎಂಬ ಅರ್ಥದ ಇಂಗ್ಲಿಷ್ ಟಿಪ್ಪಣಿ. ಹೊಸದಾಗಿ ಸೇರಿದ್ದ ಒಬ್ಬ ಟೈಪಿಸ್ಟ್ ಇಂಥ ಟಿಪ್ಪಣಿಗಳನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಹೊಡೆಯುತ್ತಿದ್ದರು. ಅವರ ಫೈಲುಗಳು ಬರುತ್ತಿದ್ದದ್ದು ನನ್ನ ಮೇಜಿಗೇ. ಮೂವತ್ತನಾಲ್ಕು ಅಕ್ಷರ, ನಾಲ್ಕು ಪದ. ಕೊನೆಯಲ್ಲಿ ಎರಡು ಚುಕ್ಕಿ ಇಲ್ಲ.

ಆ ಸಾಲಿನ ಬಾಲವನ್ನು ಕತ್ತರಿಸಿ ಇಪ್ಪತ್ತೇಳು ಅಕ್ಷರ ಉಳಿಸಿ ಓಡಿಸಿದೆ. ನಾಲ್ಕು ಸೆಕೆಂಡ್. ಒಂದು ಅಕ್ಷರ ಸೇರಿಸಿದೆ. ಎಂಟು. ಇನ್ನೊಂದು. ಹದಿನಾರು. ಇನ್ನೊಂದಕ್ಕೆ ಮೂವತ್ತೆರಡು. ಮೂವತ್ತೊಂದನೆಯ ಅಕ್ಷರಕ್ಕೆ ಒಂದು ನಿಮಿಷ ದಾಟಿತು. ಒಂದೊಂದು ಅಕ್ಷರಕ್ಕೂ ಸಮಯ ಎರಡರಷ್ಟಾಗುತ್ತಿತ್ತು. ಲೆಕ್ಕ ಹಾಕಿದರೆ ಪೂರ್ತಿ ಸಾಲಿಗೆ ಎಂಟೂವರೆ ನಿಮಿಷ. ಎಡಿಟರ್ ಸತ್ತಿರಲಿಲ್ಲ, ಯೋಚಿಸುತ್ತಿತ್ತು. ನಾನು ಮೂರನೆಯ ನಿಮಿಷದಲ್ಲಿ ಅದರ ಕತ್ತು ಹಿಸುಕುತ್ತಿದ್ದೆ. ಇನ್ನು ಆರು ಅಕ್ಷರ ಹೆಚ್ಚಿದ್ದಿದ್ದರೆ ಒಂಬತ್ತು ಗಂಟೆ ಯೋಚಿಸುತ್ತಿತ್ತು.

ಆಮೇಲೆ ಅದೇ ಸಾಲಿನ ಮೇಲೆ ಹಳೆಯ ಪ್ಯಾಟರ್ನ್ ಓಡಿಸಿದೆ, ನಾನು ಬದಲಿಸುವುದಕ್ಕೆ ಮೊದಲು ಇದ್ದದ್ದನ್ನು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ನನ್ನದನ್ನು ಮತ್ತೆ ಓಡಿಸಿದೆ. ಪರದೆ ಬೆಳ್ಳಗಾಯಿತು.

ಕಳ್ಳ ಸಿಕ್ಕಿದ್ದ. ನಾನೇ.

ಆಗಿದ್ದದ್ದು ಇಷ್ಟು. ದೊಡ್ಡಕ್ಷರಗಳ ಗುಂಪು ಎಂದು ನಾನು ಹೇಳಿದ್ದೆ, ಗುಂಪು ಎಷ್ಟು ದೊಡ್ಡದು ಎಂದು ಹೇಳಿರಲಿಲ್ಲ. ಮೂರು ಅಕ್ಷರ ಸಿಕ್ಕರೆ ಮೂರೂ ಸೇರಿ ಒಂದು ಗುಂಪೇ? ಮೊದಲು ಒಂದು, ಆಮೇಲೆ ಎರಡೇ? ಮೊದಲು ಎರಡು, ಆಮೇಲೆ ಒಂದೇ? ಮೂರೂ ಬಿಡಿಬಿಡಿಯೇ? ಎರಡು ಚುಕ್ಕಿ ಸಿಕ್ಕಿಬಿಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ, ಮೊದಲ ಪ್ರಯತ್ನದಲ್ಲೇ ಕೆಲಸ ಮುಗಿಯುತ್ತದೆ. ಅದು ಸಿಗದಿದ್ದಾಗ ಎಡಿಟರ್ ನಿಷ್ಠೆಯಿಂದ ಹಿಂದೆ ಹೋಗಿ ಪ್ರತಿಯೊಂದು ರೀತಿಯಲ್ಲೂ ಒಡೆದು ನೋಡುತ್ತಿತ್ತು. ಮೂವತ್ತನಾಲ್ಕು ಅಕ್ಷರಗಳನ್ನು ಒಡೆಯುವ ರೀತಿಗಳು ನೂರು ಕೋಟಿ ದಾಟುತ್ತವೆ. ಎಲ್ಲದರ ಕೊನೆಗೂ ಉತ್ತರ ಒಂದೇ: ಇಲ್ಲ.

ಒಳಗಿನ ಪ್ಲಸ್ ಬೇಕಾಗಿಯೇ ಇರಲಿಲ್ಲ. ಒಂದು ಅಕ್ಷರ, ಇದ್ದರೆ ಚುಕ್ಕಿ, ಇದ್ದರೆ ಜಾಗ, ಇದು ಮರುಕಳಿಸಲಿ ಎಂದಿದ್ದರೆ ಅವೇ ಹೆಸರುಗಳು ಸಿಗುತ್ತಿದ್ದವು, ಒಡೆಯಲು ಒಂದೇ ರೀತಿ ಉಳಿಯುತ್ತಿತ್ತು. ನನ್ನ ಸ್ವಂತ ಕಾಪಿಯಲ್ಲಿ ಆ ಪ್ಲಸ್ ಅಳಿಸಿ ನೋಡಿದೆ. ಸಾಲು ತಕ್ಷಣ ಮುಗಿಯಿತು. ಮೂರು ಹಳೆಯ ಫೈಲುಗಳಲ್ಲಿ ಆ ಪ್ಲಸ್ ಇದ್ದದ್ದು, ಇಲ್ಲದ್ದು ಎರಡೂ ಪ್ಯಾಟರ್ನ್ ಓಡಿಸಿ, ಸಿಕ್ಕ ಹೆಸರುಗಳ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟು ಹೋಲಿಸಿದೆ. ಒಂದೂ ಬದಲಾಗಿರಲಿಲ್ಲ. ಎಲ್ಲರೂ ಬಳಸುವ ಫೈಲನ್ನು ಮಾತ್ರ ಮುಟ್ಟಲಿಲ್ಲ. ಕೇಳದೆ ಮುಟ್ಟಿದ್ದರಿಂದಲೇ ಇಲ್ಲಿಗೆ ಬಂದಿದ್ದೆ.

ಸಂಜೆ ಗೆಳತಿಗೆ ಹೇಳಿದೆ. ಅವಳು ಸ್ಟಿಯರಿಂಗ್ ಬಡಿದು ನಕ್ಕಳು.

"ಅಂದ್ರೆ ಪಾರ್ಕಿಂಗ್ ಲಾಟ್ ಪೂರ್ತಿ ಹುಡುಕಿ ಕಾರಿಲ್ಲ ಅಂತ ಗೊತ್ತಾದ್ಮೇಲೂ, ಈ ಸಲ ಎಡಗಡೆಯಿಂದ ಸುತ್ತಿ ನೋಡೋಣ, ಇನ್ನೊಂದು ಸಲ ಬಲಗಡೆಯಿಂದ ಅಂತ ಓಡಾಡ್ತಾ ಇತ್ತು, ಅಲ್ವಾ? ಥೇಟ್ ನಮ್ಮ ಯಜಮಾನ್ರು."

"ನಿನಗೆ ತಮಾಷೆ."

"ಇನ್ನೇನು ಮತ್ತೆ, ಮುಗೀತಲ್ಲ. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಆ ಪ್ಲಸ್ ಅಳಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಮೂರನೇ ಕಾಗದ ಬರುತ್ತೆ. ಅದರಲ್ಲಿ ವಿಂಡೋ, ಸೇವ್ ಅಂತಲೇ ಇರುತ್ತೆ."

"ಬರ್ಲಿ. ಅಳ್ತಾ ಕೂತ್ಕೊಳಿ. ಇನ್ನು ಹಿಂಗಾಗಲ್ಲ ಮೇಡಂ, ಒಂದು ಚಾನ್ಸ್ ಕೊಡಿ ಅನ್ನಿ. ಕೊಡ್ತಾರೆ. ಆಮೇಲೆ ಹ್ಯಾಂಗೇ ಆಗಲ್ಲ, ಎಲ್ಲ ಮರೆತುಹೋಗುತ್ತೆ."

"ನಾನು ಮಾಡದ್ದಕ್ಕೆ ಯಾಕೆ ಅಳಲಿ?"

"ಮಾಡಿದ್ದನ್ನ ಹೇಳಿದ್ರೆ ಇನ್ನೂ ಕಷ್ಟ ಅಕ್ಕಾ! ಪರ್ಮಿಷನ್ ಇಲ್ಲದೆ ಎಲ್ಲರ ಫೈಲ್ ಬದಲಾಯಿಸಿದ್ದೀರಿ. ನಮ್ಮಲ್ಲಾದ್ರೆ ಅವತ್ತೇ ಬಾಗಿಲು ತೋರಿಸ್ತಾರೆ. ಇನ್ಶೂರೆನ್ಸ್ ಯೋಚನೆ ಮಾಡಿ. ಭಾವಂಗೆ ಇನ್ನೂ ಒಂದು ವರ್ಷ ಓದಿದೆ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು, "ಯಾವುದಕ್ಕೆ ಸಹಿ ಹಾಕಿದರೆ ಸರಿ ಅಂತ ನಿನಗೆ ಗೊತ್ತಾಗಿದೆ. ನನ್ನನ್ನ ಯಾಕೆ ಕೇಳ್ತೀಯ?" ಎಂದರು.

ಡೆಸ್ಕಿನಲ್ಲಿ ತಪ್ಪು ಅಚ್ಚಾದರೆ ಮಾರನೆಯ ದಿನ ತಿದ್ದುಪಡಿ ಹಾಕುತ್ತಿದ್ದೆವು. ತಿದ್ದುಪಡಿಯಲ್ಲಿ ಕ್ಷಮೆಗಿಂತ ಮುಖ್ಯವಾದದ್ದು ಏನು ತಪ್ಪಾಗಿತ್ತು, ಯಾವುದು ಸರಿ ಎಂಬ ಎರಡು ಸಾಲು. ಶುಕ್ರವಾರ ಬೆಳಿಗ್ಗೆ ತಿಂಡಿಯ ಟೇಬಲ್ ಮೇಲೆ ಅಂಥದ್ದನ್ನೇ ಬರೆದೆ. ಒಂದೇ ಪುಟ. ಯಾವ ವಾರ, ಯಾವ ಕಾರಣಕ್ಕೆ, ಯಾರನ್ನೂ ಕೇಳದೆ ನಾನು ಪ್ಯಾಟರ್ನ್ ಬದಲಿಸಿದೆ. ಅದರಲ್ಲಿ ಏನು ತಪ್ಪಿತ್ತು. ಅಕ್ಷರಗಳ ಎದುರು ಸೆಕೆಂಡುಗಳ ಪಟ್ಟಿ. ಸರಿಪಡಿಸುವ ರೀತಿ. ಕೊನೆಗೆ, ಮೊದಲ ಎರಡು ಕಾಗದಗಳಲ್ಲಿ ಬರೆದಿರುವ ಕಾರಣ ನಿಜವಲ್ಲ, ಅವುಗಳ ಮೇಲಿರುವ ನನ್ನ ಸಹಿಯನ್ನು ಒಪ್ಪಿಗೆಯೆಂದು ಪರಿಗಣಿಸಬಾರದು. ಆಫೀಸಿಗೆ ಹೋದವಳೇ ಉಳಿದ ಐದು ಜನರ ಮೇಜಿನ ಮೇಲೆ ಚೀಟಿ ಇಟ್ಟೆ: ಹೆಸರು ಹುಡುಕುವ ಪ್ಯಾಟರ್ನ್ ಇವತ್ತು ಓಡಿಸಬೇಡಿ, ಅದರಲ್ಲಿ ನನ್ನ ತಪ್ಪಿದೆ.

ಮಧ್ಯಾಹ್ನ ಮೂರಕ್ಕೆ ಮೇಲ್ವಿಚಾರಕಿ ಕರೆದರು. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದರಿಂದ ಇಲ್ಲಿ ಕೊಡುತ್ತಿದ್ದೇನೆ. ಮೂರನೆಯ ಕಾಗದ ಮೇಜಿನ ಮೇಲಿತ್ತು. ಪಕ್ಕದಲ್ಲಿ ಪೆನ್ನು.

"ನನಗೂ ಬೇಸರವಿದೆ. ಇಲ್ಲಿ ಸಹಿ ಹಾಕಿ."

"ಹಾಕುವುದಿಲ್ಲ. ಇದರಲ್ಲಿ ಬರೆದಿರುವುದು ನಡೆದಿಲ್ಲ."

"ಸಹಿ ಎಂದರೆ ಒಪ್ಪಿಗೆಯಲ್ಲ ಎಂದು ಆವತ್ತೇ ಹೇಳಿದೆ."

"ಹಾಗಿದ್ದರೆ ಅದನ್ನು ಇದರ ಮೇಲೆ ಬರೆಯಿರಿ."

"ಫಾರ್ಮ್ ಇರುವುದು ಹೀಗೆಯೇ. ಅದನ್ನು ಬದಲಿಸಲು ನನಗೆ ಬರುವುದಿಲ್ಲ."

"ನಾನು ಸಹಿ ಹಾಕುವುದು ಇದಕ್ಕೆ," ಎಂದು ನನ್ನ ಪುಟವನ್ನು ಮುಂದಿಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಬರೆದದ್ದು ನಾನು ಬರೆದದ್ದಕ್ಕಿಂತ ಕೆಟ್ಟದ್ದು. ನನ್ನದಕ್ಕೆ ಮೂರು ಸಲ ಬೇಕು. ನಿಮ್ಮದಕ್ಕೆ ಒಂದೇ ಸಲ ಸಾಕು. ಅದು ಗೊತ್ತಿದೆಯೇ?"

"ಗೊತ್ತಿದೆ."

"ಗೊತ್ತಿದ್ದೂ ಕೊಡುತ್ತಿದ್ದೀರಿ."

"ಆ ತಪ್ಪು ನಾನು ಮಾಡಿದ್ದು. ಈ ತಪ್ಪು ಮಾಡಿಲ್ಲ. ಕಳಿಸುವುದಾದರೆ ಮಾಡಿದ್ದಕ್ಕೆ ಕಳಿಸಿ."

ತೋರಿಸಿ ಎಂದರು. ಅವರ ಕಂಪ್ಯೂಟರಿನಲ್ಲೇ ಆ ಒಂದು ಸಾಲನ್ನು ಟೈಪ್ ಮಾಡಿದೆ. ಪ್ಯಾಟರ್ನ್ ಓಡಿಸಿ ಟೈಮರ್ ಒತ್ತಿದೆ. ಪರದೆ ಬೆಳ್ಳಗಾಯಿತು. ಮೂರು ನಿಮಿಷ ಕಳೆದಾಗ ಅವರ ಕೈ ತಾನಾಗಿ ಕೀಲಿಮಣೆಯ ಕಡೆ ಹೋಯಿತು. ಮುಚ್ಚಬೇಡಿ ಎಂದೆ. ಇಬ್ಬರೂ ಟೈಮರ್ ನೋಡುತ್ತಾ ಕೂತೆವು. ಕಾರ್ ವಾಷ್‌ನ ಸದ್ದು ಮಾತ್ರ ಗೋಡೆಯಾಚೆಯಿಂದ ಕೇಳುತ್ತಿತ್ತು. ಎಂಟು ನಿಮಿಷ ನಲವತ್ತು ಸೆಕೆಂಡಿಗೆ ಪರದೆ ಮರಳಿ ಬಂತು. ಏನೂ ಸಿಗಲಿಲ್ಲ ಎಂದು ತೋರಿಸಿತು. ಒಳಗಿನ ಪ್ಲಸ್ ಅ‍ಳಿಸಿ ಮತ್ತೆ ಓಡಿಸಿದೆ. ಟೈಮರ್ ಒತ್ತಲು ಸಮಯವೇ ಸಿಗಲಿಲ್ಲ.

"ಸರಿ," ಎಂದರು ಅವರು. "ಹಳೆಯ ಪ್ಯಾಟರ್ನ್‌ಗೇ ವಾಪಸ್ ಹೋಗೋಣ. ಅದರಿಂದ ತೊಂದರೆ ಇರಲಿಲ್ಲ."

"ಇತ್ತು. ನಿಮಗೆ ಕಾಣುತ್ತಿರಲಿಲ್ಲ ಅಷ್ಟೆ."

ಸ್ಯಾನ್ ಡಿಯಾಗೋದ ಇಪ್ಪತ್ತೊಂದನೇ ಪುಟದ ಕಥೆ ಹೇಳಿದೆ. ದನಿ ಏರಿಸಲಿಲ್ಲ. ಆದರೆ ಎದ್ದು ಹೋಗುವ ಉದ್ದೇಶವೂ ನನಗಿರಲಿಲ್ಲ.

"ಕೋರ್ಟಿನಲ್ಲಿ ನೀವು ಸಾಕ್ಷಿಯ ಮಾತನ್ನು ವಕೀಲನ ಹೆಸರಿನ ಕೆಳಗೆ ಬರೆದಿದ್ದರೆ ಏನಾಗುತ್ತಿತ್ತು?"

"ಅವತ್ತೇ ಮನೆಗೆ ಕಳಿಸುತ್ತಿದ್ದರು."

"ಹಳೆಯ ಪ್ಯಾಟರ್ನ್ ಪ್ರತಿದಿನ ಅದನ್ನೇ ಮಾಡುತ್ತಿತ್ತು. ಅದಕ್ಕೆ ಯಾರೂ ಕಾಗದ ಕೊಡಲಿಲ್ಲ. ಯಾಕೆಂದರೆ ಅದು ವೇಗವಾಗಿ ಮುಗಿಸುತ್ತಿತ್ತು."

ಅವರು ನನ್ನ ಪುಟವನ್ನು ತಮ್ಮ ಕಾಗದದ ಮೇಲಿಟ್ಟು, ಎರಡನ್ನೂ ಡ್ರಾಯರ್‌ಗೆ ಹಾಕಿ, ಸೋಮವಾರ ಒಂಬತ್ತಕ್ಕೆ ಬನ್ನಿ ಎಂದರು. ಕೆಲಸಕ್ಕೆ ಬನ್ನಿ ಎಂದರೋ ಲೆಕ್ಕ ಮುಗಿಸಲು ಬನ್ನಿ ಎಂದರೋ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಶನಿವಾರ ಭಾನುವಾರ ಕಳೆದವು. ಗೆಳತಿ ಎರಡು ಸಲ ಫೋನ್ ಮಾಡಿ, "ಹೇಳಿದ್ದು ಕೇಳ್ಲಿಲ್ಲ ನೀವು," ಎಂದು ಬೈದಳು. ಎರಡನೆಯ ಸಲ ಬೈದು ಮುಗಿಸಿ, ತಮ್ಮ ಆಫೀಸಿನಲ್ಲಿ ಒಂದು ಕೆಲಸ ಖಾಲಿಯಿದೆ, ಅಪ್ಲೈ ಮಾಡಿಬಿಡಿ ಎಂದಳು. ಸೋಮವಾರದ ನಂತರ ನೋಡೋಣ ಎಂದೆ.

ಸೋಮವಾರ ಮೇಲ್ವಿಚಾರಕಿಯ ಮೇಜಿನ ಮೇಲೆ ಹೊಸ ಕಾಗದವೊಂದಿತ್ತು. ಫಾರ್ಮ್ ಅಲ್ಲ, ಅವರೇ ಟೈಪ್ ಮಾಡಿದ್ದು. ಎಲ್ಲರೂ ಬಳಸುವ ಪ್ಯಾಟರ್ನನ್ನು ನಾನು ಅನುಮತಿಯಿಲ್ಲದೆ ಬದಲಿಸಿದ್ದು, ಅದರಿಂದ ಎಡಿಟರ್ ಮೂರು ಸಲ ನಿಂತದ್ದು ನಿಜ. ಹಿಂದಿನ ಎರಡು ಕಾಗದಗಳಲ್ಲಿ ಕಾರಣ ತಪ್ಪಾಗಿ ದಾಖಲಾಗಿರುವುದರಿಂದ ಅವನ್ನು ಹಿಂದಕ್ಕೆ ಪಡೆಯಲಾಗಿದೆ. ಮೂರೂ ಘಟನೆಗಳಿಗೆ ಕಾರಣ ಒಂದೇ ಆದ್ದರಿಂದ ಇದು ಒಂದೇ ವಾರ್ನಿಂಗ್. ಇನ್ನು ಮುಂದೆ ಯಾವುದೇ ಪ್ಯಾಟರ್ನ್ ಬದಲಿಸಬೇಕಾದರೆ ಇಬ್ಬರು ಪರೀಕ್ಷಿಸಬೇಕು, ಆರು ತಿಂಗಳು ಆ ಇಬ್ಬರಲ್ಲಿ ನಾನಿರಕೂಡದು. ಪ್ಲಸ್ ತೆಗೆದ ಹೊಸ ಪ್ಯಾಟರ್ನ್ ಬಳಕೆಯಲ್ಲಿರುತ್ತದೆ.

"ಮೇಲಿನವರಿಗೆ ಇದನ್ನು ಒಪ್ಪಿಸಲು ಶುಕ್ರವಾರ ಸಂಜೆ ಪೂರ್ತಿ ಬೇಕಾಯಿತು," ಎಂದರು. "ಓದಿ. ತಪ್ಪಿದ್ದರೆ ಹೇಳಿ."

ನಿಧಾನವಾಗಿ ಓದಿದೆ. ಪ್ರತಿ ವಾಕ್ಯವೂ ನಡೆದದ್ದೇ. ಆರು ತಿಂಗಳ ಶಿಕ್ಷೆ ನನಗೆ ಹಿಡಿಸಲಿಲ್ಲ, ಆದರೆ ಅದು ಸುಳ್ಳಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

"ಇದರ ನಕಲು ಬೇಕು," ಎಂದೆ.

"ಕೆಲಸಗಾರರಿಗೆ ನಕಲು ಕೊಡುವ ಪದ್ಧತಿ ಇಲ್ಲ."

"ನಾನಿಲ್ಲೇ ಕೂತಿರುತ್ತೇನೆ."

ಅವರು ನನ್ನನ್ನು ನೋಡಿದರು. ಶುಕ್ರವಾರದ ಎಂಟು ನಿಮಿಷ ನಲವತ್ತು ಸೆಕೆಂಡು ಅವರಿಗೂ ನೆನಪಿದ್ದಿರಬೇಕು. ಎದ್ದು ಹೋಗಿ ತಾವೇ ಮಷೀನಿನಲ್ಲಿ ನಕಲು ತೆಗೆದು ತಂದುಕೊಟ್ಟರು. ಅದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ನನ್ನ ಜಾಗಕ್ಕೆ ಹೋಗಿ ಕೂತೆ. ಪಕ್ಕದ ಮೇಜಿನವರು ಅದೇನು ಎಂದು ಕೇಳಿದರು, ಹೇಳಿದೆ. ಆ ವಾರ ಮುಗಿಯುವುದರೊಳಗೆ ಇನ್ನೂ ಇಬ್ಬರು ಮೇಲ್ವಿಚಾರಕಿಯ ಕೋಣೆಗೆ ಹೋಗಿ ತಮ್ಮ ಹಳೆಯ ವಾರ್ನಿಂಗ್ ಕಾಗದಗಳ ನಕಲು ಕೇಳಿದರು.